ಕಾಲಿನ ನಾಡಿ ಹಿಡಿದವರು

1831ರಲ್ಲಿ ಪ್ಯಾರಿಸಿನ ಒಂದು ಹೆಣ್ಣುಕುದುರೆ ಕುಂಟಿತು. ಕುದುರೆ ಕುಂಟುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ ಈ ಕುದುರೆಯ ಕುಂಟು ಬೇರೆ ರೀತಿಯದು. ನಮ್ಮ ಜಟಕಾವನ್ನು ಹೋಲುವ ಎರಡು ಗಾಲಿಯ ಹಗುರ ಗಾಡಿಗೆ ಕಟ್ಟಿದಾಗ ಅದು ಎಲ್ಲ ಕುದುರೆಗಳಂತೆಯೇ ಓಡುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂಗಾಲು ಸೆಟೆದು ಹೆಜ್ಜೆ ತಪ್ಪುತ್ತಿತ್ತು. ನಿಲ್ಲಿಸಿ ಸುಧಾರಿಸಿಕೊಳ್ಳಲು ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು. ಮತ್ತಷ್ಟು ದೂರ ಹೋದಮೇಲೆ ಮತ್ತೆ ಅದೇ ಕಥೆ. ಗೊರಸಿನಲ್ಲಿ ಮುಳ್ಳಿಲ್ಲ, ಕೀಲಿನಲ್ಲಿ ಬಾವಿಲ್ಲ. ಬೂಲೆ ಎಂಬ ಪಶುವೈದ್ಯ ಈ ಕುದುರೆ ಸತ್ತಮೇಲೆ ಅದರ ದೇಹವನ್ನು ಕೊಯ್ದು ನೋಡಿದ. ಹಿಂಗಾಲುಗಳಿಗೆ ನೆತ್ತರನ್ನೊಯ್ಯುವ ತೊಡೆಯ ಧಮನಿಗಳು ಮುಚ್ಚಿಹೋಗಿದ್ದುವು. ನಿಂತಾಗ ಸಾಲುವಷ್ಟು ನೆತ್ತರು ಪಕ್ಕದ ಸಣ್ಣ ನಾಳಗಳಿಂದ ಹೇಗೋ ಒದಗುತ್ತಿತ್ತು, ಓಡುವಾಗ ಸಾಲುತ್ತಿರಲಿಲ್ಲ. ಬೂಲೆ ಇದಕ್ಕೆ ‘ಬಿಟ್ಟು ಬಿಟ್ಟು ಬರುವ ಕುಂಟು’ ಎಂದು ಹೆಸರಿಟ್ಟ.

ಮನುಷ್ಯರ ವೈದ್ಯರಿಗೆ ಈ ಸಂಗತಿ ತಲುಪುವುದಕ್ಕೆ ಇಪ್ಪತ್ತೇಳು ವರ್ಷ ಬೇಕಾಯಿತು. 1858ರಲ್ಲಿ ಝ್ಯಾಂ ಮಾರ್ತ್ಯಾಂ ಶಾರ್ಕೊ (ಮುಂದೆ ನರರೋಗಗಳ ವಿಷಯದಲ್ಲಿ ಜಗತ್ಪ್ರಸಿದ್ಧನಾದವನು, ಆಗ ಇನ್ನೂ ತರುಣ) ತನ್ನ ಒಬ್ಬ ರೋಗಿಯ ವೃತ್ತಾಂತವನ್ನು ಪ್ಯಾರಿಸಿನ ಜೀವಶಾಸ್ತ್ರ ಸಂಘದ ಮುಂದಿಟ್ಟ. ಹಿಂದೆಂದೋ ಗುಂಡೇಟು ತಿಂದಿದ್ದ ಆ ಮನುಷ್ಯ ಕಾಲು ಗಂಟೆ ನಡೆದರೆ ಕಾಲು ಮರಗಟ್ಟಿ, ಸೆಳೆತ ಬಂದು ನಿಲ್ಲಬೇಕಾಗುತ್ತಿತ್ತು. ಕೂತು ಎದ್ದರೆ ಮತ್ತೆ ಸರಾಗ. ಅವನ ದೇಹದಲ್ಲಿಯೂ ಕಾಲಿಗೆ ಹೋಗುವ ದೊಡ್ಡ ಧಮನಿ ಮುಚ್ಚಿತ್ತು. ಶಾರ್ಕೊ ದೊಡ್ಡವನೆಂದು ನನಗನ್ನಿಸುವುದು ಒಂದು ಕಾರಣಕ್ಕೆ: ಈ ರೋಗವನ್ನು ಕುದುರೆ ವೈದ್ಯರು ಮೊದಲೇ ಬಲ್ಲರು, ನಾವು ಅವರಿಂದ ಕಲಿಯುತ್ತಿದ್ದೇವೆ ಎಂದು ಆತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಲ್ಯಾಟಿನ್ನಿನಲ್ಲಿ ಕುಂಟು ಎಂಬರ್ಥದ ಧಾತುವಿನಿಂದ ಬಂದ ‘ಕ್ಲಾಡಿಕೇಶನ್’ ಎಂಬ ಮಾತನ್ನು ಇಂದಿಗೂ ಡಾಕ್ಟರರು ಈ ನೋವಿಗೆ ಬಳಸುತ್ತಾರೆ.

ಜರ್ಮನರು ಇದಕ್ಕೆ ಇನ್ನೂ ಸೊಗಸಾದ ಹೆಸರು ಕೊಟ್ಟಿದ್ದಾರೆ: ‘ಅಂಗಡಿ ಗಾಜಿನ ಕಾಯಿಲೆ.’ ಬೀದಿಯಲ್ಲಿ ನಡೆಯುತ್ತಿದ್ದಂತೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಾಲ್ಕು ಜನರೆದುರು ನೋವೆಂದು ನಿಲ್ಲುವುದಕ್ಕೆ ಸಂಕೋಚ. ಆದ್ದರಿಂದ ರೋಗಿ ಅಂಗಡಿಯ ಗಾಜಿನ ಮುಂದೆ ನಿಂತು ಒಳಗಿನ ಸಾಮಾನು ನೋಡುವವನಂತೆ ನಟಿಸುತ್ತಾನೆ.

ನನ್ನ ಸೋದರಮಾವ ಜರ್ಮನಿಯನ್ನು ಕಂಡವರಲ್ಲ. ಲೆಕ್ಕಪತ್ರದ ಕಛೇರಿಯೊಂದರಿಂದ ನಿವೃತ್ತರಾಗಿ ಬಸವನಗುಡಿಯಲ್ಲಿದ್ದರು. ಸಂಜೆ ಗಾಂಧೀಬಜಾರಿಗೆ ಹೊರಟರೆ ಮೊದಲು ಪಾತ್ರೆಯಂಗಡಿಯ ಮುಂದೆ, ಆಮೇಲೆ ಗ್ರಂಧಿಗೆ ಅಂಗಡಿಯ ಮುಂದೆ, ಆಮೇಲೆ ಹೂವಿನವಳ ಹತ್ತಿರ ಎರಡೆರಡು ನಿಮಿಷ ನಿಲ್ಲುವರು. ಕೊಳ್ಳುವುದೇನೂ ಇಲ್ಲ. “ಏನು ಮಾವ, ಕೊಡಪಾನ ಬೇಕೆ?” ಎಂದರೆ, “ಯಾಕೋ, ದುಡ್ಡು ಕೊಡದೆ ನೋಡಬಾರದೆಂದು ಕಾನೂನು ಮಾಡಿದ್ದಾರೇನೋ?” ಎನ್ನುವರು. ಅತ್ತೆಯ ಪ್ರಕಾರ ಅದು ವಾಯು. ಒಬ್ಬ ವೈದ್ಯರ ಪ್ರಕಾರ ಬೆನ್ನಿನ ನರ ಹಿಡಿದದ್ದು. ಇನ್ನೊಬ್ಬರು ಅರವತ್ತೆಂಟಕ್ಕೆ ಇದೆಲ್ಲ ಇದ್ದದ್ದೇ ಎಂದು ನೋವಿನ ಗುಳಿಗೆ ಬರೆದರು. ಒಂದೂವರೆ ವರ್ಷ ಹೀಗೆ ಕಳೆಯಿತು. ಅಷ್ಟು ದಿನದಲ್ಲಿ ಯಾರೊಬ್ಬರೂ ಅವರ ಚಪ್ಪಲಿ ಬಿಡಿಸಿ ಪಾದದ ಮೇಲೆ ಬೆರಳಿಟ್ಟು ನೋಡಲಿಲ್ಲ. ಹಿರಿಯರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ದೇಶ ನಮ್ಮದು. ನಾಡಿಯೆಂದರೆ ಮಾತ್ರ ನಮಗೆ ಮುಂಗೈಯಲ್ಲಿ, ಹೆಬ್ಬೆರಳಿನ ಬುಡದಲ್ಲಿರುವುದು ಒಂದೇ.

ಪಾದಕ್ಕೂ ನಾಡಿಯುಂಟು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನಿಂದ ನೇರ ಮೇಲಕ್ಕೆ ಬಂದರೆ ಪಾದದ ಬೆನ್ನಿನ ಮೇಲೆ ಒಂದು. ಒಳಗಿನ ಗಿಣ್ಣಿನ ಹಿಂದೆ ಇನ್ನೊಂದು. ಬೆರಳಿಗೆ ಸಿಕ್ಕರೆ ಸಂತೋಷ. ಸಿಗದಿದ್ದರೆ? ಕೆಲವು ಆರೋಗ್ಯವಂತರಲ್ಲಿಯೂ ಮೇಲಿನ ನಾಡಿ ಬೆರಳಿಗೆ ಸಿಗುವುದಿಲ್ಲ. ಪಾದ ಊದಿದ್ದರೆ ಎರಡೂ ಸಿಗುವುದಿಲ್ಲ. ಮೇಲಾಗಿ ಪರೀಕ್ಷಿಸುವವನ ಬೆರಳಿನ ತುದಿಯ ಮಿಡಿತವೇ ರೋಗಿಯ ನಾಡಿಯೆಂದು ಭ್ರಮೆ ಹುಟ್ಟಿಸುವುದೂ ಉಂಟು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ತಂಬಾಕು ಸೇದುವ ತರುಣರಲ್ಲಿ ಕಾಲ್ಬೆರಳುಗಳನ್ನು ಕೊಳೆಸುವ ಒಂದು ರೋಗವನ್ನು ವರ್ಣಿಸಿದ. ಮಲಗಿದ ರೋಗಿಯ ಕಾಲನ್ನು ಮೇಲೆತ್ತಿ ಹಿಡಿದು ಅದು ಬಿಳಿಚುವುದನ್ನು, ಕೆಳಗಿಳಿಬಿಟ್ಟಾಗ ಕೆಂಪೇರುವುದನ್ನು ನೋಡುವ ಪರೀಕ್ಷೆಗೂ ಅವನದೇ ಹೆಸರಿದೆ. ಒಳ್ಳೆಯ ಪರೀಕ್ಷೆ; ಆದರೆ ‘ಎಷ್ಟು?’ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಎಷ್ಟೆಂದು ತಿಳಿಯಬೇಕಾದರೆ ದೇಹದೊಳಕ್ಕೆ ಹೋಗಬೇಕೆಂದೇ ಬಹುಕಾಲ ಎಲ್ಲರೂ ನಂಬಿದ್ದರು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1733ರ ತನ್ನ ಪುಸ್ತಕದಲ್ಲಿ ರಕ್ತದ ಒತ್ತಡವನ್ನಳೆದ ಬಗೆಯನ್ನು ಹೇಳಿದ್ದಾನೆ. ಅಲ್ಲಿಯೂ ಒಂದು ಕುದುರೆಯೇ ಪಾತ್ರಧಾರಿ, ಪಾಪ! ಕಟ್ಟಿ ಕೆಡವಿದ ಹೆಣ್ಣುಕುದುರೆಯ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿ ಅದಕ್ಕೆ ಗಾಜಿನ ನಳಿಗೆ ಜೋಡಿಸಿದ. ನೆತ್ತರು 8 ಅಡಿ 3 ಅಂಗುಲ ಎತ್ತರಕ್ಕೇರಿತು. ಎಕ್ಸ್‌ರೇ ಬಂದಮೇಲೆ ಬೇರೊಂದು ದಾರಿ ತೆರೆಯಿತು. 1924ರಲ್ಲಿ ಅಮೆರಿಕದ ಬಾರ್ನಿ ಬ್ರೂಕ್ಸ್ ತೊಡೆಯ ಧಮನಿಗೆ ಸೋಡಿಯಂ ಅಯೊಡೈಡ್ ಚುಚ್ಚಿ ಕಾಲಿನ ನಾಳಗಳ ಚಿತ್ರ ತೆಗೆದ. 1929ರಲ್ಲಿ ಲಿಸ್ಬನ್ನಿನ ರೆನಾಲ್ಡೊ ದಾಸ್ ಸಾಂತೋಷ್ ಉದ್ದನೆಯ ಸೂಜಿಯನ್ನು ಬೆನ್ನಿನ ಮೂಲಕವೇ ಮಹಾಧಮನಿಗೆ ಹಾಯಿಸಿದ. ಚಿತ್ರಗಳು ಸ್ಪಷ್ಟವಾಗಿ ಬಂದುವು. ಎಲ್ಲಿ ಮುಚ್ಚಿದೆ ಎಂಬುದನ್ನು ಕಣ್ಣಾರೆ ಕಾಣಲು ಸಾಧ್ಯವಾಯಿತು. ಆದರೆ ಮೀನಖಂಡ ನೋಯುತ್ತದೆ ಎಂದು ಬಂದ ಪ್ರತಿಯೊಬ್ಬ ಗುಮಾಸ್ತೆಯ ಬೆನ್ನಿಗೂ ಸೂಜಿ ತೂರಿಸುವುದಾಗುತ್ತದೆಯೆ?

ಹೊರಗಿನಿಂದಲೇ ಅಳೆಯುವ ಉಪಾಯಕ್ಕೆ ಅರ್ಧ ದಾರಿ ಆಗಲೇ ಸವೆದಿತ್ತು. 1896ರಲ್ಲಿ ಇಟಲಿಯ ಟೂರಿನ್ನಿನಲ್ಲಿ ಸಿಪಿಯೋನೆ ರೀವಾ-ರೊಚ್ಚಿ ಬೈಸಿಕಲ್ಲಿನ ಟ್ಯೂಬನ್ನು ತೋಳಿಗೆ ಸುತ್ತಿ, ಗಾಳಿ ತುಂಬಿ, ಮುಂಗೈ ನಾಡಿ ನಿಂತುಹೋಗುವ ಹೊತ್ತಿನ ಒತ್ತಡವನ್ನು ಪಾದರಸದ ಕಂಬದಲ್ಲಿ ಓದಿದ. ಇದಕ್ಕೆ ಕಿವಿಯನ್ನು ಕೂಡಿಸಿದವನು ರಷ್ಯದ ನಿಕೊಲಾಯ್ ಕೊರೊಟ್ಕೊವ್.

ಈ ಕೊರೊಟ್ಕೊವ್‌ನ ವಿಚಾರ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಿ.ಪಿ. ನೋಡುವಾಗ ಸ್ಟೆತಾಸ್ಕೋಪಿನಲ್ಲಿ ಕೇಳಿಸುವ ಟಕ್ ಟಕ್ ಸದ್ದಿಗೆ ಅವನ ಹೆಸರಿದೆ ಎಂಬುದು ವೈದ್ಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅವನು ರಕ್ತದೊತ್ತಡದ ಹಿಂದೆ ಹೋದವನೇ ಅಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಅವನು ಶಸ್ತ್ರವೈದ್ಯ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಮಂಚೂರಿಯದ ಹಾರ್ಬಿನ್ ನಗರದಲ್ಲಿ ಗಾಯಾಳುಗಳನ್ನು ನೋಡಿಕೊಂಡಿದ್ದ. ಗುಂಡು ತಗುಲಿ ಧಮನಿ ಹರಿದ ಕೈಕಾಲುಗಳು ಅವನ ಮುಂದಿದ್ದುವು. ಹರಿದ ಧಮನಿಯನ್ನು ಕಟ್ಟಿಬಿಟ್ಟರೆ ಸಿಪಾಯಿ ಬದುಕುತ್ತಾನೆ. ಆದರೆ ಕಾಲು ಬದುಕುತ್ತದೆಯೆ? ಪಕ್ಕದ ಸಣ್ಣ ನಾಳಗಳು ಅದನ್ನು ಸಾಕಬಲ್ಲುವೆ? ಕಟ್ಟುವ ಮೊದಲೇ ಇದನ್ನು ತಿಳಿಯುವ ಉಪಾಯವನ್ನು ಹುಡುಕುತ್ತ ಅವನು ಧಮನಿಯನ್ನು ಒತ್ತಿಹಿಡಿದು, ಬಿಡುತ್ತ, ಕಿವಿಗೊಟ್ಟು ಕೇಳುತ್ತಿದ್ದ. ಪೂರ್ತಿ ಒತ್ತಿದಾಗ ನಿಶ್ಶಬ್ದ. ಒತ್ತಡವಿಳಿಯುತ್ತ ಬಂದಂತೆ ನೆತ್ತರು ನುಸುಳುವ ಕ್ಷಣದಲ್ಲಿ ಸದ್ದು. 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸೈನಿಕ ವೈದ್ಯ ಅಕಾಡೆಮಿಯಲ್ಲಿ ಅವನು ಇದನ್ನು ವರದಿ ಮಾಡಿದ. ವರದಿ ಒಂದು ಪುಟವನ್ನೂ ತುಂಬದು. ಅವನು ಕೇಳಿದ್ದು ಕಾಲು ಉಳಿಯುತ್ತದೆಯೆ ಎಂದು. ಲೋಕ ಅವನಿಂದ ತೆಗೆದುಕೊಂಡದ್ದು ತೋಳಿನ ಬಿ.ಪಿ. ಕಾಲಿನ ಪ್ರಶ್ನೆ ಅರ್ಧ ಶತಮಾನ ಹಾಗೆಯೇ ಉಳಿಯಿತು. 1920ರಲ್ಲಿ ಕ್ಷಯದಿಂದ ತೀರಿಕೊಂಡ ಆ ಮನುಷ್ಯನ ವಿಷಯದಲ್ಲಿ ನನಗೆ ಒಂದು ಬಗೆಯ ಮಮತೆಯಿದೆ.

ತೋಳಿಗೆ ಸುತ್ತುವ ಪಟ್ಟಿಯನ್ನು ಕಣಕಾಲಿಗೆ ಸುತ್ತಿದರಾಯಿತಲ್ಲ ಎಂದು ಓದುಗರು ಕೇಳಬಹುದು. ಸುತ್ತಬಹುದು. ತೊಂದರೆ ಕೇಳುವುದರಲ್ಲಿದೆ. ಮೊಳಕೈಯಲ್ಲಿ ಟಕ್ ಟಕ್ ಎನ್ನುವ ಸದ್ದು ಪಾದದ ಸಣ್ಣ ಧಮನಿಗಳಲ್ಲಿ ಸ್ಟೆತಾಸ್ಕೋಪಿಗೆ ಕೇಳಿಸುವುದಿಲ್ಲ. ಬೆರಳಿಟ್ಟು ನೋಡೋಣವೆಂದರೆ, ಯಾರ ಕಾಲಿನಲ್ಲಿ ಅಳೆಯುವ ಅಗತ್ಯ ಹೆಚ್ಚೋ ಅವರಲ್ಲಿಯೇ ನಾಡಿ ಬೆರಳಿಗೆ ಸಿಗುವುದಿಲ್ಲ. 1950ರಲ್ಲಿ ಅಮೆರಿಕದ ಟ್ರಾವಿಸ್ ವಿನ್ಸರ್, ನೆತ್ತರು ತುಂಬಿದಾಗ ಅವಯವ ಎಳ್ಳಷ್ಟು ಉಬ್ಬುವುದನ್ನು ಗುರುತಿಸುವ ಯಂತ್ರದ ನೆರವಿನಿಂದ ತೋಳಿನ ಒತ್ತಡವನ್ನೂ ಕಾಲಿನ ಒತ್ತಡವನ್ನೂ ಅಳೆದು ಹೋಲಿಸಿದ. ಮಲಗಿರುವ ಆರೋಗ್ಯವಂತನಲ್ಲಿ ಕಣಕಾಲಿನ ಮೇಲೊತ್ತಡ ತೋಳಿನಷ್ಟೇ, ಅಥವಾ ಅದಕ್ಕಿಂತ ತುಸು ಹೆಚ್ಚೇ ಇರುತ್ತದೆ. ದಾರಿಯಲ್ಲಿ ಧಮನಿ ಮುಚ್ಚಿದ್ದರೆ ಕಡಮೆಯಾಗುತ್ತದೆ. ಮುಖ್ಯ ಸಂಗತಿ ಇಷ್ಟೆ: ಒಬ್ಬನ ಕಾಲನ್ನು ಊರವರ ಕಾಲಿನೊಡನೆ ಹೋಲಿಸಬೇಕಾಗಿಲ್ಲ, ಅವನದೇ ತೋಳಿನೊಡನೆ ಹೋಲಿಸಿದರೆ ಸಾಕು. ಆದರೆ ವಿನ್ಸರನ ಯಂತ್ರ ಸಾಮಾನ್ಯ ವೈದ್ಯನ ಮೇಜಿನ ಮೇಲೆ ಕೂರುವಂಥದಲ್ಲ.

ಬೇಕಾಗಿದ್ದ ಹೊಸ ಕಿವಿ ಬಂದದ್ದು ನಕ್ಷತ್ರಲೋಕದ ಕಡೆಯಿಂದ. 1842ರಲ್ಲಿ ಪ್ರಾಗ್ ನಗರದಲ್ಲಿ ಗಣಿತದ ಮೇಷ್ಟರಾಗಿದ್ದ ಕ್ರಿಸ್ಟಿಯಾನ್ ಡಾಪ್ಲರ್ ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತು ಪ್ರಬಂಧ ಓದಿದ. ಹತ್ತಿರ ಬರುವ ವಸ್ತುವಿನಿಂದ ಹೊರಟ ಅಲೆಗಳು ಒತ್ತೊತ್ತಾಗಿಯೂ ದೂರ ಸರಿಯುವುದರಿಂದ ಹೊರಟವು ವಿರಳವಾಗಿಯೂ ನಮ್ಮನ್ನು ಮುಟ್ಟುತ್ತವೆ ಎಂಬುದು ಅವನ ತತ್ತ್ವ. ನಕ್ಷತ್ರಗಳ ಬಣ್ಣಕ್ಕೆ ಅವನು ಕೊಟ್ಟ ವಿವರಣೆ ನಿಲ್ಲಲಿಲ್ಲ; ತತ್ತ್ವ ನಿಂತಿತು. ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ರೈಲಿನ ಕೂಗು ಪ್ಲಾಟ್‌ಫಾರಂ ದಾಟುತ್ತಲೇ ಸ್ವರವಿಳಿಸುವುದನ್ನು ನಾವೆಲ್ಲ ಕೇಳಿದ್ದೇವೆ. 1845ರಲ್ಲಿ ಹಾಲೆಂಡಿನ ಬೈಸ್ ಬಲೋಟ್ ರೈಲಿನ ಮೇಲೆ ತುತ್ತೂರಿಯವರನ್ನು ಹತ್ತಿಸಿ, ಸ್ವರಜ್ಞಾನವುಳ್ಳವರನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸಿ ಇದನ್ನು ಪರೀಕ್ಷಿಸಿಯೂ ನೋಡಿದ.

ನೆತ್ತರೂ ಓಡುವ ರೈಲೇ ಎಂದು ಮೊದಲು ಹೊಳೆದದ್ದು ಜಪಾನಿನಲ್ಲಿ. ಒಸಾಕ ವಿಶ್ವವಿದ್ಯಾನಿಲಯದ ಸತೊಮುರ ಶಿಗೆಒ ವೈದ್ಯನಲ್ಲ, ಧ್ವನಿವಿಜ್ಞಾನದ ಮನುಷ್ಯ. ಕಿವಿಗೆ ನಿಲುಕದ, ಸೆಕೆಂಡಿಗೆ ದಶಲಕ್ಷಗಟ್ಟಲೆ ಕಂಪಿಸುವ ಧ್ವನಿಯನ್ನು ಚರ್ಮದ ಮೂಲಕ ಒಳಗೆ ಕಳಿಸಿ, ಚಲಿಸುವುದಕ್ಕೆ ತಾಗಿ ಮರಳುವ ಧ್ವನಿಯ ವ್ಯತ್ಯಾಸವನ್ನು ಹಿಡಿದ. ಮೊದಲು ಹೃದಯದ ಕವಾಟಗಳು. ಆಮೇಲೆ, 1959ರಲ್ಲಿ, ಕೈಕಾಲುಗಳ ಧಮನಿಗಳಲ್ಲಿ ನೆತ್ತರು ಹರಿಯುವ ರೀತಿ. ಮರುವರ್ಷವೇ, ಇನ್ನೂ ನಡುಹರೆಯದಲ್ಲಿ, ಆತ ತೀರಿಕೊಂಡ. ಇಲ್ಲಿ ಪ್ರಕೃತಿಯೂ ಕೈ ನೀಡಿದೆ ಎನ್ನಬೇಕು. ಕಳಿಸಿದ ಧ್ವನಿಯನ್ನು ಯಾವ ಕಿವಿಯೂ ಕೇಳಲಾರದು. ಆದರೆ ಕಳಿಸಿದ್ದಕ್ಕೂ ಮರಳಿದ್ದಕ್ಕೂ ಇರುವ ವ್ಯತ್ಯಾಸ, ನೆತ್ತರಿನ ವೇಗ ಅಷ್ಟಿರುವುದರಿಂದ, ಸರಿಯಾಗಿ ಮನುಷ್ಯನ ಕಿವಿಯ ಎಲ್ಲೆಯೊಳಗೇ ಬಂದು ಬೀಳುತ್ತದೆ. ಸಣ್ಣ ಸ್ಪೀಕರಿಗೆ ಜೋಡಿಸಿದರಾಯಿತು, ನೆತ್ತರು ತಾನೇ ಮಾತಾಡುತ್ತದೆ.

ಅಮೆರಿಕದ ಸಿಯಾಟಲಿನಲ್ಲಿ ರಶ್ಮರ್, ಫ್ರ್ಯಾಂಕ್ಲಿನ್, ಬೇಕರ್ ಮುಂತಾದವರೂ ಇದೇ ಕಾಲದಲ್ಲಿ ಇಂಥ ಉಪಕರಣಗಳನ್ನು ಕಟ್ಟುತ್ತಿದ್ದರು. ಅಲ್ಲಿನ ಶಸ್ತ್ರವೈದ್ಯ ಯೂಜೀನ್ ಸ್ಟ್ರ್ಯಾಂಡ್‌ನೆಸ್ ಅದನ್ನು ರೋಗಿಗಳ ಕಾಲಿಗೆ ತಂದ. ಅವನ ಬರೆಹ 1967ರಲ್ಲಿ ಬಂತು. 1969ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಿಂದ ಜೇಮ್ಸ್ ಯಾವೊ ಮತ್ತು ಸಂಗಡಿಗರು ಕಣಕಾಲಿನ ಒತ್ತಡದ ಲೆಕ್ಕಗಳನ್ನು ಪ್ರಕಟಿಸಿದರು. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಬರುವುದೇ ಸೂಚ್ಯಂಕ. ಆರೋಗ್ಯವಂತರಲ್ಲಿ ಒಂದು, ಒಂದಕ್ಕಿಂತ ತುಸು ಮೇಲೆ. ನಡೆದರೆ ನೋವು ಬರುವವರಲ್ಲಿ ಸರಾಸರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಲಗಿದ್ದರೂ ನೋಯುವವರಲ್ಲಿ ಕಾಲು ಭಾಗ. ಬೆರಳು ಕಪ್ಪಾಗುವ ಹಂತದವರಲ್ಲಿ ಸೊನ್ನೆಯ ಹತ್ತಿರ. ಬರ್ಗರನ ಪರೀಕ್ಷೆ ಕೊಡಲಾರದೆ ಹೋದ ‘ಎಷ್ಟು?’ ಎಂಬುದಕ್ಕೆ ಇದು ಉತ್ತರ. ಇಂದು 0.90 ಅಥವಾ ಅದಕ್ಕಿಂತ ಕಡಮೆ ಬಂದರೆ ಧಮನಿ ಮುಚ್ಚಿಕೊಳ್ಳುತ್ತಿದೆ ಎಂದು ಎಣಿಸುತ್ತಾರೆ.

ನಮ್ಮ ಮಾವನ ಹೆಬ್ಬೆರಳಿನ ಪಕ್ಕದಲ್ಲಿ ಮಾಯದ ಹುಣ್ಣೊಂದು ಕಾಣಿಸಿಕೊಂಡಮೇಲೆ ಈ ಪರೀಕ್ಷೆಯನ್ನು ನಾನು ಕಣ್ಣಾರೆ ಕಂಡೆ. ತರುಣಿಯೊಬ್ಬಳು, ನೋಡಿದರೆ ಇನ್ನೂ ಓದುತ್ತಿರುವ ಹುಡುಗಿಯೆನ್ನಬೇಕು, ಅವರನ್ನು ಹತ್ತು ನಿಮಿಷ ಸುಮ್ಮನೆ ಅಂಗಾತ ಮಲಗಿಸಿದಳು. ಎರಡು ತೋಳು, ಎರಡು ಕಣಕಾಲುಗಳಿಗೆ ಸರದಿಯಂತೆ ಪಟ್ಟಿ ಸುತ್ತಿದಳು. ಪಾದದ ಮೇಲೆ ಅಂಟಂಟಾದ ಜೆಲ್ ಹಚ್ಚಿ, ಪೆನ್ನಿನಂಥದೊಂದನ್ನು ಓರೆಯಾಗಿ ಹಿಡಿದಳು. ತೋಳಿನಲ್ಲಿ ಚಾಟಿ ಬೀಸಿದಂಥ ಚುರುಕು ಸದ್ದು, ಹಿಂದೆಯೇ ಒಂದೆರಡು ಕಿರುದನಿ. ಎಡಗಾಲಿನಲ್ಲಿ ಅದೇ ಸದ್ದು ಸ್ವಲ್ಪ ಮಂಕು. ಬಲಗಾಲಿನಲ್ಲಿ ಬಹಳ ಹುಡುಕಿದಮೇಲೆ ಮುದುಕರು ನಿಟ್ಟುಸಿರಿಟ್ಟಂತೆ ಹೂಶ್, ಹೂಶ್. ಪಟ್ಟಿಗೆ ಗಾಳಿ ತುಂಬಿ ಸದ್ದನ್ನು ಅಡಗಿಸಿ, ನಿಧಾನವಾಗಿ ಗಾಳಿ ಬಿಡುತ್ತ ಅದು ಮರಳುವ ಅಂಕಿಯನ್ನು ಬರೆದುಕೊಂಡಳು. ತೋಳು 150, ಎಡಗಾಲು 120, ಬಲಗಾಲು 60.

“ಹಾಗಾದರೆ 0.8, 0.4” ಎಂದರು ಮಾವ, ಅವಳು ಕಾಗದ ಎತ್ತಿಕೊಳ್ಳುವುದರೊಳಗೆ. ಮೂವತ್ತೈದು ವರ್ಷ ಲೆಕ್ಕ ನೋಡಿದ ತಲೆ.

“ಹೌದು ಅಂಕಲ್. ನೀವು ಸಿಗರೇಟು ಸೇದುತ್ತೀರಾ?”

“ಸೇದುತ್ತಿದ್ದೆ” ಎಂದರು. ಹಿಂದಿನ ದಿನದವರೆಗೂ ಸೇದಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ನೋಡೋ, ಈ ಕಾಲಿಗೆ ಬರಬೇಕಾದ ಸಂಬಳದಲ್ಲಿ ಆರಾಣೆ ಬರುತ್ತಿದೆ. ಒಂದೂವರೆ ವರ್ಷದಿಂದ ಅರ್ಜಿ ಹಾಕುತ್ತಲೇ ಇತ್ತು, ಪಾಪ” ಎಂದರು.

ಬೆರಳೊಂದು ಹೋಯಿತು, ಕಾಲು ಉಳಿಯಿತು. ಉಳಿಸುವ ವಿದ್ಯೆ ಬೇರೆಯೇ ಒಂದು ದೊಡ್ಡ ಕಥೆ. 1948ರಲ್ಲಿ ಪ್ಯಾರಿಸಿನ ಝ್ಯಾಂ ಕುನ್ಲ್ಯಾಂ ರೋಗಿಯ ಸ್ವಂತ ಅಭಿಧಮನಿಯನ್ನೇ ಜೋಡಿಸಿ ನೆತ್ತರಿಗೆ ಬಳಸುದಾರಿ ಮಾಡಿದ್ದು, 1964ರಲ್ಲಿ ಪೋರ್ಟ್‌ಲೆಂಡಿನ ಚಾರ್ಲ್ಸ್ ಡಾಟರ್, ಕಾಲು ತೆಗೆಸಲು ಒಪ್ಪದ 82 ವರ್ಷದ ಮುದುಕಿಯ ಧಮನಿಯನ್ನು ಒಳಗಿನಿಂದಲೇ ಹಿಗ್ಗಿಸಿದ್ದು — ಇವನ್ನು ಇನ್ನೊಮ್ಮೆ ಬರೆಯಬಹುದು. ಇಲ್ಲಿ ಹೇಳಬೇಕಾದ್ದು ಆ ಸಣ್ಣ ಭಾಗಾಕಾರದ ಮಾತು. ಕಾಲಿನದೆಂದುಕೊಂಡ ಅಂಕಿ ಕಾಲಿಗೇ ನಿಲ್ಲಲಿಲ್ಲ. 2008ರಲ್ಲಿ ಫೌಕ್ಸ್ ಮತ್ತು ಸಂಗಡಿಗರು ಹದಿನಾರು ಅಧ್ಯಯನಗಳ 48,294 ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದರು. ಸೂಚ್ಯಂಕ 0.90 ಅಥವಾ ಕೆಳಗಿದ್ದವರಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತವೂ ಸಾವೂ ಇತರರಿಗಿಂತ ಸುಮಾರು ಎರಡು ಪಟ್ಟು. ಇದರಲ್ಲಿ ಆಶ್ಚರ್ಯವೇನಿಲ್ಲ, ದೇಹದ ನಾಳಗಳೆಲ್ಲ ಒಂದೇ ಮರದ ಕೊಂಬೆಗಳು, ಕಾಲಿನಲ್ಲಿ ಹಿಡಿದ ಹುಳು ಎದೆಯಲ್ಲಿಯೂ ಹಿಡಿದಿರುತ್ತದೆ. ಆದರೂ ತೋಳಿನ ಬಿ.ಪಿ.ಯನ್ನು ತಿಂಗಳಿಗೊಮ್ಮೆ ನೋಡಿಸಿಕೊಳ್ಳುವ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಕಾಲಿನದನ್ನು ಜೀವಮಾನದಲ್ಲಿ ಒಮ್ಮೆ ನೋಡಿಸಿಕೊಂಡವರು ಎಷ್ಟು ಮಂದಿ? ಪರೀಕ್ಷೆಗೆ ಬೆಲೆ ಹೆಚ್ಚಿಲ್ಲ. ಹೊತ್ತು ಹಿಡಿಯುತ್ತದೆ, ಅಷ್ಟೆ. ಹೊರಗೆ ಮೂವತ್ತು ಜನ ಚೀಟಿ ಹಿಡಿದು ಕೂತಿರುವಾಗ ಇಪ್ಪತ್ತು ನಿಮಿಷವೆಂಬುದು ಸಣ್ಣ ಬೆಲೆಯಲ್ಲ ಎಂದು ವೈದ್ಯರ ಪರವಾಗಿಯೂ ಹೇಳಬೇಕು.

ಮಲಗಿದಾಗ ಸೂಚ್ಯಂಕ ಸರಿಯಿದ್ದು ನಡೆದಾಗ ನೋಯುವವರಿದ್ದಾರೆ; ಬೂಲೆಯ ಕುದುರೆಯ ಜಾತಿಯವರು. ಅವರನ್ನು ಓಡುವ ಪಟ್ಟಿಯ ಮೇಲೆ ಗಂಟೆಗೆ 3 ಕಿಲೋಮೀಟರಿನಷ್ಟು ವೇಗದಲ್ಲಿ, ಸ್ವಲ್ಪ ಏರು ಕೊಟ್ಟು, ಐದು ನಿಮಿಷ ನಡೆಸಿ ತಕ್ಷಣ ಅಳೆಯುತ್ತಾರೆ. ಮುಚ್ಚಿದ ಧಮನಿಯಿದ್ದರೆ ಕಣಕಾಲಿನ ಒತ್ತಡ ಧಡಕ್ಕನೆ ಬಿದ್ದು, ಮೇಲೇಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ.

ಇದಕ್ಕಿಂತ ಕಷ್ಟದವರು ಸಕ್ಕರೆ ಕಾಯಿಲೆಯವರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದಂತೆ ದೇಶದಲ್ಲಿ ಇವರ ಸಂಖ್ಯೆ ಸುಮಾರು 10.1 ಕೋಟಿ. ಇವರಲ್ಲಿ ಅನೇಕರ ಪಾದಗಳಿಗೆ ಸ್ಪರ್ಶಜ್ಞಾನವೇ ಕುಗ್ಗಿರುತ್ತದೆ. ಆದ್ದರಿಂದ ಅಂಗಡಿಯ ಮುಂದೆ ನಿಲ್ಲಿಸುವ ನೋವೂ ಬರುವುದಿಲ್ಲ, ಮೊದಲ ಸುದ್ದಿ ತರುವುದು ಹುಣ್ಣು. ಮೇಲಾಗಿ ಇವರ ಧಮನಿಗಳ ಗೋಡೆಗೆ ಸುಣ್ಣ ಕಟ್ಟಿಕೊಂಡು ಸೀಸದ ಕೊಳಾಯಿಯಂತಾಗುವುದುಂಟು. 1903ರಲ್ಲಿ ಜರ್ಮನಿಯ ಮೊಂಕೆಬರ್ಗ್ ಇದನ್ನು ವರ್ಣಿಸಿದ್ದಾನೆ. ಅಂಥ ಧಮನಿಯನ್ನು ಪಟ್ಟಿಯಿಂದ ಎಷ್ಟು ಒತ್ತಿದರೂ ಅದು ಬಾಗುವುದಿಲ್ಲ. ಸೂಚ್ಯಂಕ ಒಂದೂ ನಾಲ್ಕು ದಶಾಂಶವನ್ನೂ ಮೀರಿ ಏರುತ್ತದೆ, ಒಳಗೆ ನೆತ್ತರು ಇಲ್ಲದಿದ್ದರೂ. ಇನ್ನೂ ಮೋಸವೆಂದರೆ, ತೀರ ಮುಚ್ಚಿದ ಕಾಲಿನಲ್ಲಿ ಈ ಗಡಸುತನ ಅಂಕಿಯನ್ನು ಎತ್ತಿ ಸರಿಯಾಗಿ ಒಂದರ ಹತ್ತಿರ ತಂದು ನಿಲ್ಲಿಸಬಹುದು.

ಅದೃಷ್ಟವಶಾತ್ ಈ ಸುಣ್ಣ ಹೆಬ್ಬೆರಳಿನ ಸಣ್ಣ ನಾಳಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದ್ದರಿಂದ ಇಂಥವರಲ್ಲಿ ಕಾಲಿನ ಹೆಬ್ಬೆರಳಿಗೇ ಉಂಗುರದಂಥ ಪುಟ್ಟ ಪಟ್ಟಿ ಸುತ್ತಿ, ತುದಿಗೆ ಬೆಳಕು ಬೀರುವ ಚಿಕ್ಕ ಕಣ್ಣನ್ನು ಅಂಟಿಸುತ್ತಾರೆ. 2020ರ ಕೊರೋನ ದಿನಗಳಲ್ಲಿ ಮನೆಮನೆಗೂ ಬಂದ ಬೆರಳಿನ ಕ್ಲಿಪ್ಪಿನ ತತ್ತ್ವವೇ ಇಲ್ಲಿಯದೂ: ನೆತ್ತರು ಬಂದಾಗ ಬೆಳಕು ಹೆಚ್ಚು ಹೀರಲ್ಪಡುತ್ತದೆ, ಹೋದಾಗ ಕಡಮೆ. ಹೆಬ್ಬೆರಳಿನ ಒತ್ತಡ ತೋಳಿನದರ ಹತ್ತರಲ್ಲಿ ಏಳು ಪಾಲಿಗಿಂತ ಕಡಮೆಯಿದ್ದರೆ ಸಂಶಯಪಡಬೇಕು. ಅಳೆಯುವ ಮೊದಲು ಪಾದಕ್ಕೆ ಕಂಬಳಿ ಹೊದಿಸಿ ಸ್ವಲ್ಪ ಹೊತ್ತು ಬೆಚ್ಚಗಿಡಬೇಕು. ಚಳಿಗೆ ಬೆರಳಿನ ನಾಳಗಳು ಮುದುಡಿಕೊಂಡರೆ ಅಂಕಿ ತಪ್ಪುತ್ತದೆ.